ಮೆತ್ತಗಿದ್ದರೆ ಫ್ರೆಶ್ ಅಂತ ಯಾರು ಹೇಳಿದ್ದು?

ಪ್ರಶ್ನೆ: "ಮೇಡಂ, ಮಗಳ ಹುಟ್ಟುಹಬ್ಬಕ್ಕೆ ಕಪ್ ಕೇಕ್ ಆರ್ಡರ್ ಕೊಡಬೇಕು. ಬೆಂಗಳೂರಲ್ಲಿ ಯಾವ ಬೇಕರಿಯದು ಚೆನ್ನಾಗಿದೆ ಅಂತ ನೋಡೋಕೆ ಮೂರು ನಾಲ್ಕು ಕಡೆಯಿಂದ ತಂದೆವು. ಎಲ್ಲರೂ ಮನೆಗೆ ಬರಲಿ ಅಂತ ಫ್ರಿಡ್ಜ್‌ನಲ್ಲಿಟ್ಟು, ರಾತ್ರಿ ಊಟ ಆದ ಮೇಲೆ ತಿಂದು ನೋಡಿದೆವು. ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯ 25 ರೂಪಾಯಿ ಕೇಕು ಎಷ್ಟು ಮೆತ್ತಗಿತ್ತು! ದೊಡ್ಡ ಬೇಕರಿಯ 180 ರೂಪಾಯಿಯದು ಗಟ್ಟಿ. ದುಡ್ಡು ಜಾಸ್ತಿ ತಗೊಂಡು ಹಳೇದು ಕೊಟ್ಟರಾ? ಯಾವುದು ಒಳ್ಳೇದು ಅಂತ ಒಂದೇ ಮಾತಲ್ಲಿ ಹೇಳಿಬಿಡಿ."

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೇಳುವವರ ಹೆಸರು ಬೇರೆ, ಏರಿಯಾ ಬೇರೆ, ಪ್ರಶ್ನೆ ಅದೇ. ಡಿಸೆಂಬರ್ ಹತ್ತಿರ ಬಂದರಂತೂ ದಿನಾ ಒಬ್ಬರಾದರೂ ಕೇಳುತ್ತಾರೆ. ನನ್ನ ಬೇಕಿಂಗ್ ಕ್ಲಾಸಿಗೆ ಸೇರುವವರೂ ಮೊದಲ ದಿನವೇ "ಮೇಡಂ, ಕೇಕು ಮೆತ್ತಗೆ ಬರಬೇಕು, ಅಷ್ಟೇ" ಅನ್ನುತ್ತಾರೆ. ಅಷ್ಟೇ ಅಲ್ಲ ಕಣ್ರೀ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತಿದ್ದೇನೆ. ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಲು ಕೊಡುತ್ತೇನೆ.

ಮೊದಲು ಒಂದೇ ಮಾತಿನ ಉತ್ತರ. ನೀವು ಹೇಳಿದ್ದನ್ನು ನೋಡಿದರೆ ಹಳೇ ಕೇಕು ಕೊಟ್ಟರು ಅನ್ನೋಕೆ ಯಾವ ಆಧಾರವೂ ಇಲ್ಲ. ಬೆಣ್ಣೆ ಹಾಕಿ ಮಾಡಿದ ಕೇಕನ್ನು ಫ್ರಿಡ್ಜ್‌ನಲ್ಲಿಟ್ಟು, ತಣ್ಣಗಿರುವಾಗಲೇ ತಿಂದಿದ್ದೀರಿ. ಅದು ಗಟ್ಟಿಯಾಗಿಯೇ ಇರುತ್ತದೆ, ಇರಬೇಕು ಕೂಡ. 25 ರೂಪಾಯಿಯ ಕೇಕು ಮೆತ್ತಗಿತ್ತು ಅನ್ನುವುದರಿಂದ ಅದು ಆವತ್ತಿನದು ಅಂತಲೂ ಗೊತ್ತಾಗುವುದಿಲ್ಲ, ಮೊನ್ನೆಯದು ಅಂತಲೂ ಗೊತ್ತಾಗುವುದಿಲ್ಲ.

ಯಾವ ಬೇಕರಿ ಒಳ್ಳೇದು ಅನ್ನುವುದಕ್ಕೆ ಮುಂಚೆ, ಕಪ್ ಕೇಕ್ ಅಂತ ಒಂದೇ ಹೆಸರಿಟ್ಟು ನಾವು ಎಷ್ಟು ಬಗೆಯ ತಿಂಡಿಯನ್ನು ಒಂದೇ ತಟ್ಟೆಯಲ್ಲಿ ಇಡುತ್ತಿದ್ದೇವೆ ನೋಡಿ. ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿಗಳ ಕತೆ 1898ರಷ್ಟು ಹಿಂದೆ, ಚಿಕ್ಕಪೇಟೆಯಲ್ಲಿ ಶುರುವಾಗುತ್ತದೆ. ಹಾಸನದ ಕಡೆಯಿಂದ ಬಂದ ಮನೆತನಗಳು ಊರಿನ ಬಡಾವಣೆ ಬಡಾವಣೆಗೂ ಬೇಕರಿ ಕೊಟ್ಟವು. ವಿ.ವಿ. ಪುರದ ವಿ.ಬಿ. ಬೇಕರಿಯನ್ನು ಯಾರಿಗೂ ಪರಿಚಯಿಸಬೇಕಿಲ್ಲ, ಅಲ್ವಾ? ಖಾರಾ ಬನ್, ದಿಲ್ ಪಸಂದ್, ಬೆಣ್ಣೆ ಬಿಸ್ಕತ್ತು, ಹನಿ ಕೇಕುಗಳ ಪಕ್ಕದಲ್ಲಿ ಇಟ್ಟಿರುವ ಅಲ್ಲಿನ ಕಪ್ ಕೇಕು ಹಳದಿ ಬಣ್ಣದ್ದು. ಮೇಲೆ ಕ್ರೀಮ್ ಇರುವುದಿಲ್ಲ. ಇದ್ದರೆ ನಾಲ್ಕು ಚೂರು ಟೂಟಿ ಫ್ರೂಟಿ. ಕಾಫಿ ಜೊತೆ ನಿಂತುಕೊಂಡು ಎರಡು ತುತ್ತಿಗೆ ಮುಗಿಸುವ ಕೇಕು ಅದು.

ಫ್ರೇಜರ್ ಟೌನ್ ಕಡೆ ಹೋದರೆ ಇನ್ನೊಂದು ಪರಂಪರೆ. ಮಾಸ್ಕ್ ರೋಡಿನ ಆಲ್ಬರ್ಟ್ ಬೇಕರಿ 1902ರದ್ದು. ದಂಡು ಪ್ರದೇಶದ ಇಂಥ ಬೇಕರಿಗಳ ಕೈ ಪ್ಲಮ್ ಕೇಕು, ಪಫ್‌ಗಳಲ್ಲಿ ಪಳಗಿದ್ದು. ಅಲ್ಲಿ ಮೊಟ್ಟೆಗೆ ಮಡಿಮೈಲಿಗೆ ಇಲ್ಲ.

ಮೂರನೆಯದು ಅಮೆರಿಕದ ಕಪ್ ಕೇಕು. ಕೆಳಗೆ ಎಷ್ಟು ಕೇಕಿದೆಯೋ ಹೆಚ್ಚುಕಡಿಮೆ ಅಷ್ಟೇ ಕ್ರೀಮ್ ಮೇಲಿರುತ್ತದೆ. ನ್ಯೂಯಾರ್ಕಿನ ಬ್ಲೀಕರ್ ಸ್ಟ್ರೀಟಿನಲ್ಲಿ 1996ರಲ್ಲಿ ಶುರುವಾದ ಮ್ಯಾಗ್ನೋಲಿಯಾ ಬೇಕರಿ ಆ ಬಗೆಯ ಕಪ್ ಕೇಕಿಗೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟಿತು. ಭಾರತದಲ್ಲಿ ಅದರ ಮೊದಲ ಅಂಗಡಿ ತೆರೆದದ್ದು 2019ರಲ್ಲಿ, ನಮ್ಮ ಇಂದಿರಾನಗರದಲ್ಲೇ. ಅದಕ್ಕೂ ಮುಂಚಿನಿಂದ ಈ ಬಗೆಯ ಕಪ್ ಕೇಕು ಮಾಡುವ ಬೇಕರಿಗಳು ಊರಲ್ಲಿ ಇದ್ದೇ ಇವೆ. ನಾಲ್ಕನೆಯವರು ಮನೆಯಲ್ಲೇ ಮಾಡಿ ಆರ್ಡರ್ ಮೇಲೆ ಕೊಡುವವರು. ಈಗ ಅಪಾರ್ಟ್‌ಮೆಂಟಿಗೆ ಒಬ್ಬರಾದರೂ ಇದ್ದಾರೆ. ಅವರಲ್ಲಿ ತುಂಬ ಒಳ್ಳೆಯ ಕೈಗಳಿವೆ.

ಈ ನಾಲ್ಕರಲ್ಲಿ ಜಿಡ್ಡು ಬೇರೆ, ಸಕ್ಕರೆಯ ಪ್ರಮಾಣ ಬೇರೆ, ಕಲಸುವ ರೀತಿ ಬೇರೆ, ತಿನ್ನುವ ಹೊತ್ತೂ ಬೇರೆ. ಇವನ್ನೆಲ್ಲ ಸಾಲಾಗಿಟ್ಟು ಬೆರಳಲ್ಲಿ ಒತ್ತಿ ನೋಡಿ ನಂಬರ್ ಕೊಟ್ಟರೆ ಆ ನಂಬರಿಗೆ ಬೆಲೆ ಇಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. "ಮೆತ್ತಗಿದ್ದರೆ ಫ್ರೆಶ್, ಗಟ್ಟಿಯಿದ್ದರೆ ಹಳೇದು." ಎಲ್ಲರ ಮನಸ್ಸಿನಲ್ಲೂ ಇದು ಗಟ್ಟಿಯಾಗಿ ಕೂತಿದೆ. ಬೇಕರಿ ಗಲ್ಲಾ ಮುಂದೆ ಒಂದೈದು ನಿಮಿಷ ನಿಂತು ನೋಡಿ. ಬಂದವರೆಲ್ಲ ಮೊದಲು ಮಾಡುವ ಕೆಲಸ ಕೇಕನ್ನು ಹೆಬ್ಬೆರಳಲ್ಲಿ ಒತ್ತುವುದು. ಒತ್ತಿದ್ದು ವಾಪಸ್ ಎದ್ದರೆ "ಹಾ, ಇವತ್ತಿನದು" ಅಂತ ತಲೆಯಾಡಿಸುತ್ತಾರೆ. ಅಂಗಡಿಯವರಿಗೂ ಇದು ಗೊತ್ತು. ಗಿರಾಕಿ ಏನನ್ನು ಒತ್ತಿ ನೋಡುತ್ತಾರೋ ಅದನ್ನೇ ಸರಿಮಾಡಿ ಇಡುತ್ತಾರೆ. ಅದು ಮೋಸ ಅಲ್ಲ, ವ್ಯಾಪಾರ.

ಮೆತ್ತಗಾಗುವುದಕ್ಕೆ ಕಾರಣಗಳು ಹಲವು. ಆವತ್ತೇ ಬೇಯಿಸಿದ್ದು ಅನ್ನುವುದು ಅದರಲ್ಲಿ ಒಂದು ಮಾತ್ರ.

ಮೊದಲನೆಯದು ಜಿಡ್ಡು. ಸೂರ್ಯಕಾಂತಿ ಎಣ್ಣೆ ಫ್ರಿಡ್ಜ್‌ನಲ್ಲಿಟ್ಟರೂ ನೀರಾಗಿಯೇ ಇರುತ್ತದೆ. ಬೆಣ್ಣೆ ಹಾಗಲ್ಲ, ಅದು ಕರಗುವುದು 32ರಿಂದ 35 ಡಿಗ್ರಿಯ ಹತ್ತಿರ. ಬೆಂಗಳೂರಿನ ಸಾಮಾನ್ಯ ದಿನದಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಮೆದುವಾಗಿರುತ್ತದೆ, ಫ್ರಿಡ್ಜ್‌ನ 4 ಡಿಗ್ರಿಯಲ್ಲಿ ಚಾಕು ಇಳಿಯದಷ್ಟು ಗಟ್ಟಿಯಾಗುತ್ತದೆ. ಕೇಕಿನೊಳಗೆ ಸೇರಿದ ಬೆಣ್ಣೆಗೂ ಇದೇ ಗುಣ. ಎಣ್ಣೆ ಹಾಕಿದ ಕೇಕು, ಬೆಣ್ಣೆ ಹಾಕಿದ ಕೇಕು ಎರಡನ್ನೂ ಬೆಳಗ್ಗೆ ಒಟ್ಟಿಗೆ ಬೇಯಿಸಿ ಒಟ್ಟಿಗೆ ಫ್ರಿಡ್ಜ್‌ಗೆ ಹಾಕಿ. ರಾತ್ರಿ ತೆಗೆದರೆ ಎಣ್ಣೆಯದು ಮೆತ್ತಗೆ, ಬೆಣ್ಣೆಯದು ಗಟ್ಟಿ. ಎರಡರ ವಯಸ್ಸೂ ಒಂದೇ. ನಿಮ್ಮ ಮನೆಯ ಸ್ಪರ್ಧೆಯಲ್ಲಿ ಆದದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ಬೆಣ್ಣೆಗೆ ಜಾಸ್ತಿ ದುಡ್ಡು ಕೊಟ್ಟು, ಬೆಣ್ಣೆ ಇದೆ ಅನ್ನುವ ಕಾರಣಕ್ಕೇ ಅದಕ್ಕೆ ಕಡಿಮೆ ಅಂಕ ಕೊಟ್ಟಿದ್ದೀರಿ.

ಎರಡನೆಯದು ಕೇಕ್ ಜೆಲ್. ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತದೆ, ಗಂಜಿ ಕಟ್ಟಿದಂತೆ ದಪ್ಪಗಿರುತ್ತದೆ. ಮೈದಾ, ಸಕ್ಕರೆ, ಮೊಟ್ಟೆ ಎಲ್ಲವನ್ನೂ ಒಟ್ಟಿಗೆ ಹಾಕಿ, ಸ್ವಲ್ಪ ಜೆಲ್ ಸೇರಿಸಿ ಮಿಷನ್‌ನಲ್ಲಿ ಹೊಡೆದರೆ ಕೆಲವೇ ನಿಮಿಷಕ್ಕೆ ಹಿಟ್ಟು ಬೆಳ್ಳಗೆ ಉಬ್ಬುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಎಮಲ್ಸಿಫೈಯರ್, ಅಂದರೆ ನೀರು, ಜಿಡ್ಡು ಬೇರೆಬೇರೆಯಾಗದಂತೆ ಬೆರೆಸಿಡುವ ಪದಾರ್ಥ. ಪ್ಯಾಕೆಟ್ ಕೇಕಿನ ಹಿಂದೆ ಐಎನ್‌ಎಸ್ 471 ಅಂತ ಓದಿರುತ್ತೀರಲ್ಲ, ಆ ಜಾತಿಯದು. ಇದು ಎರಡು ಕೆಲಸ ಮಾಡುತ್ತದೆ. ಹಿಟ್ಟಿನೊಳಗೆ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಹಿಡಿದಿಡುತ್ತದೆ. ಬೆಂದ ಮೇಲೆ ಮೈದಾದ ಪಿಷ್ಟ ಗಟ್ಟಿಯಾಗುವುದನ್ನು ತಡೆದು ನಿಧಾನ ಮಾಡುತ್ತದೆ. ಹಾಗಾಗಿ ಜೆಲ್ ಹಾಕಿದ ಕೇಕು ಮೂರನೇ ದಿನವೂ ಒತ್ತಿದರೆ ಪುಟಿದು ಏಳುತ್ತದೆ. ಹೆಬ್ಬೆರಳಿನ ಪರೀಕ್ಷೆ ಅಲ್ಲಿಗೆ ಕೆಲಸಕ್ಕೆ ಬಾರದೆ ಹೋಯಿತು.

ಇದನ್ನು ಓದಿದ ತಕ್ಷಣ "ಅಯ್ಯೋ, ಕೆಮಿಕಲ್" ಅಂತ ಹೊರಡಬೇಡಿ. ಅದು ಅನುಮತಿ ಇರುವ ಪದಾರ್ಥ, ವಿಷ ಅಲ್ಲ. ದಿನಕ್ಕೆ ನೂರಾರು ಕೇಕು ಒಂದೇ ಹದದಲ್ಲಿ ತೆಗೆಯಬೇಕಾದವರಿಗೆ ಅದು ಬೇಕು. ಮೆತ್ತಗಿದೆ ಅನ್ನುವುದು ಹೊಸತನಕ್ಕೆ ಸಾಕ್ಷಿಯಲ್ಲ ಅನ್ನುವುದಷ್ಟೇ ನನ್ನ ಮಾತು.

ಮೂರನೆಯದು ಸಕ್ಕರೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೈದಾದಷ್ಟೇ ತೂಕದ ಅಥವಾ ಅದಕ್ಕಿಂತ ಜಾಸ್ತಿ ಸಕ್ಕರೆ ಹಾಕಿದ ಕೇಕು ತುಂಬ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಕಂಡೆನ್ಸ್ಡ್ ಮಿಲ್ಕ್ ಹಾಕಿದ ಎಗ್‌ಲೆಸ್ ಕೇಕಿಗೂ ಇದೇ ಲಾಭ. ಮೇಲಿಂದ ಪಾಕ ಹೊಯ್ದರೆ ಇನ್ನೂ ಸುಲಭ. ನಮ್ಮ ಹನಿ ಕೇಕು ಬಾಯಲ್ಲಿಟ್ಟರೆ ಕರಗುವುದು ಪಾಕ ಕುಡಿದಿರುವುದರಿಂದ. ಹನಿ ಕೇಕು ಮೆತ್ತಗಿದೆ ಅಂತ ಯಾರೂ ಅದರ ಹುಟ್ಟಿದ ದಿನಾಂಕ ಲೆಕ್ಕ ಹಾಕುವುದಿಲ್ಲ. ಕಪ್ ಕೇಕಿಗೆ ಮಾತ್ರ ಯಾಕೆ?

ನಾಲ್ಕನೆಯದನ್ನು ಯಾರೂ ಗಮನಿಸುವುದಿಲ್ಲ. ಅದು ಹಬೆ. ಸಂಜೆ ನಾಲ್ಕರ ಹೊತ್ತಿಗೆ ಭಟ್ಟಿಯಿಂದ ಟ್ರೇ ಹೊರಗೆ ಬರುತ್ತದೆ. ಕೇಕಿನ ತಲೆ ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಸಣ್ಣಗೆ ಗರಿ ಅನ್ನುತ್ತಿರುತ್ತದೆ. ಕೇಕು ಅತ್ಯಂತ ಹೊಸದಾಗಿರುವ ಹೊತ್ತು ಅದು, ಮೇಲ್ಮೈ ಅತ್ಯಂತ ಗಟ್ಟಿಯಾಗಿರುವ ಹೊತ್ತೂ ಅದೇ. ಆ ಬಿಸಿಯಲ್ಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿಸಿಕೊಂಡು ಬಂದರೆ ಏನಾಗುತ್ತದೆ? ಒಳಗಿನ ಹಬೆ ಕವರಿಗೆ ಬಡಿದು ನೀರಾಗಿ ಕೇಕಿನ ತಲೆ ಮೇಲೆ ಇಳಿಯುತ್ತದೆ. ಮನೆ ಸೇರುವಷ್ಟರಲ್ಲಿ ಗರಿಯೆಲ್ಲ ಹೋಗಿ, ತಲೆ ಅಂಟಂಟಾಗಿ, ಕಾಗದದ ಕಪ್ಪಿನಿಂದ ಸಿಪ್ಪೆ ಬಿಟ್ಟಂತೆ ಏಳುತ್ತದೆ. "ಎಷ್ಟು ಸಾಫ್ಟು!" ಅನ್ನುತ್ತೀರಿ. ಅದೇ ಕವರನ್ನು ಹಾಗೇ ಬಿಟ್ಟರೆ ಬೂಸ್ಟು ಬರುವುದೂ ಬೇಗ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡಿ ಅಂತ ಕೇಳಿ, ಇಲ್ಲವೇ ಕವರಿನ ಬಾಯಿ ತೆರೆದಿಟ್ಟುಕೊಂಡು ಬನ್ನಿ.

ಇಷ್ಟು ಹೇಳಿದ ಮೇಲೆ ಕ್ಲಾಸಿನಲ್ಲಿ ಯಾವಾಗಲೂ ಒಬ್ಬರು ಕೈ ಎತ್ತುತ್ತಾರೆ. "ಸರಿ ಮೇಡಂ, ಮೆತ್ತಗಿರೋದು ಫ್ರೆಶ್ ಅಲ್ಲದೇ ಇರಬಹುದು. ಆದರೆ ಗಟ್ಟಿಯಾಗಿರೋದು ಒಣಗಿರೋದೇ ಅಲ್ವಾ?" ಅದೂ ಅಲ್ಲ. ಈ ತಪ್ಪು ತಿಳಿವಳಿಕೆ ಬಿದ್ದುಹೋಗಿ ನೂರೈವತ್ತು ವರ್ಷದ ಮೇಲಾಯಿತು. ಫ್ರಾನ್ಸಿನ ರಸಾಯನ ವಿಜ್ಞಾನಿ ಬೂಸೆಂಗೊ 1852ರಲ್ಲೇ ಬ್ರೆಡ್ಡನ್ನು ತೇವ ಹೊರಗೆ ಹೋಗದಂತೆ ಮುಚ್ಚಿಟ್ಟು ನೋಡಿದ. ಒಂದು ಹನಿ ನೀರು ಕಳೆದುಕೊಳ್ಳದೆಯೂ ಬ್ರೆಡ್ಡು ಗಟ್ಟಿಯಾಯಿತು. ಮತ್ತೆ ಬಿಸಿ ಮಾಡಿದರೆ ಮೆದುವಾಯಿತು. ನೀರು ಹೊರಗೆ ಹೋಗಿಯೇ ಗಟ್ಟಿಯಾಗುವುದಾಗಿದ್ದರೆ ಬಿಸಿ ಮಾಡಿದಾಗ ಮೆತ್ತಗಾಗುವುದು ಹೇಗೆ?

ಆಗುವುದು ಇಷ್ಟು. ಮೈದಾದಲ್ಲಿರುವ ಪಿಷ್ಟ ಬೇಯುವಾಗ ನೀರು ಕುಡಿದು ಉಬ್ಬಿ ಸಡಿಲವಾಗುತ್ತದೆ. ತಣ್ಣಗಾದ ಮೇಲೆ ಅದರ ಎಳೆಗಳು ನಿಧಾನವಾಗಿ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಆಗ ನೀರು ಒಳಗೇ ಇದ್ದರೂ ತಿಂದರೆ ಗಟ್ಟಿ ಅನ್ನಿಸುತ್ತದೆ. ಈ ಜೋಡಣೆ ತುಂಬ ಬೇಗ ನಡೆಯುವುದು ಎಲ್ಲಿ ಗೊತ್ತಾ? ನೀರು ಹೆಪ್ಪುಗಟ್ಟುವುದಕ್ಕಿಂತ ಸ್ವಲ್ಪ ಮೇಲಿನ ಉಷ್ಣತೆಯಲ್ಲಿ. ಅಂದರೆ ಸರಿಯಾಗಿ ನಿಮ್ಮ ಫ್ರಿಡ್ಜ್‌ನೊಳಗೆ. ರಾತ್ರಿ ಉಳಿದ ಅನ್ನವನ್ನು ಫ್ರಿಡ್ಜ್‌ನಲ್ಲಿಟ್ಟು ಬೆಳಗ್ಗೆ ನೋಡಿದ್ದೀರಲ್ಲ. ಮುಚ್ಚಳ ಗಟ್ಟಿಯಾಗಿ ಹಾಕಿದ್ದರೂ ಅಗುಳು ಕಲ್ಲಿನಂತೆ ಇರುತ್ತದೆ, ಬಿಸಿ ಮಾಡಿದರೆ ಮತ್ತೆ ಅನ್ನ ಆಗುತ್ತದೆ. ಕೇಕಿನಲ್ಲಿ ಸಕ್ಕರೆ, ಜಿಡ್ಡು ಜಾಸ್ತಿ ಇರುವುದರಿಂದ ಬ್ರೆಡ್ಡು, ಅನ್ನದಷ್ಟು ಬೇಗ ಆಗುವುದಿಲ್ಲ. ಆದರೆ ದಾರಿ ಅದೇ.

ಹಾಗಾಗಿ ದಯವಿಟ್ಟು ಕ್ರೀಮ್ ಇಲ್ಲದ ಕೇಕನ್ನು ಫ್ರಿಡ್ಜ್‌ನಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡಿ. ಬೆಂಗಳೂರಿನ ಹವೆಗೆ ಒಂದೆರಡು ದಿನ ಏನೂ ಆಗುವುದಿಲ್ಲ. ಮಂಗಳೂರು, ಉಡುಪಿ ಕಡೆಯವರು ಸೆಕೆಗಾಲದಲ್ಲಿ ಆವತ್ತೇ ಮುಗಿಸಿ. ಇನ್ನೂ ಹೆಚ್ಚು ದಿನ ಇಡಬೇಕಾದರೆ ಫ್ರೀಜರ್‌ಗೆ ಹಾಕಿ. ಅಲ್ಲಿ ಪಿಷ್ಟದ ಎಳೆಗಳು ಕದಲುವುದಿಲ್ಲ. ಕೇಕಿಗೆ ಫ್ರೀಜರ್ ಒಳ್ಳೇದು, ಫ್ರಿಡ್ಜ್ ಕೆಟ್ಟದು. ಇದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರು ನಂಬದ ಮುಖ ಮಾಡುತ್ತಾರೆ. ಒಮ್ಮೆ ಮಾಡಿ ನೋಡಿದವರು ಆಮೇಲೆ ಬಿಡುವುದಿಲ್ಲ.

ತೊಡಕು ಬರುವುದು ಕ್ರೀಮ್ ಇರುವ ಕೇಕಿನಲ್ಲಿ. ಹಾಲಿನ ಕ್ರೀಮ್, ಕ್ರೀಮ್ ಚೀಸ್ ಹಾಕಿದ್ದನ್ನು ಹೊರಗಿಟ್ಟರೆ ಹುಳಿ ಬರುತ್ತದೆ, ಹೊಟ್ಟೆ ಕೆಡುತ್ತದೆ. ಅದನ್ನು ಫ್ರಿಡ್ಜ್‌ನಲ್ಲಿ ಇಡಲೇಬೇಕು. ಕ್ರೀಮಿಗೆ ತಂಪು ಬೇಕು, ಕೆಳಗಿನ ಕೇಕಿಗೆ ತಂಪು ಆಗದು. ಅದಕ್ಕೆ ಒಂದೇ ದಾರಿ: ತಿನ್ನುವುದಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಹೊರಗೆ ತೆಗೆದಿಡಿ. ಬೆಣ್ಣೆ ಮೆದುವಾಗಲಿ, ವಾಸನೆ ಏಳಲಿ. ಆಮೇಲೆ ತಿಂದು ಆ 180 ರೂಪಾಯಿ ಸರಿಯೋ ತಪ್ಪೋ ಹೇಳಿ. ಒಳ್ಳೆಯ ಬೇಕರಿಯವರು ಡಬ್ಬಿ ಕೊಡುವಾಗ ಈ ಮಾತು ಹೇಳಿಯೇ ಕೊಡುತ್ತಾರೆ. ನಾವು ಕೇಳಿಸಿಕೊಳ್ಳುವುದಿಲ್ಲ.

ಹಾಗಾದರೆ ಹಳೇ ಕೇಕನ್ನು ಗುರುತು ಹಿಡಿಯುವುದು ಹೇಗೆ? ಮೂಗು ಹೇಳುತ್ತದೆ. ಕೇಕನ್ನು ಎರಡು ಹೋಳು ಮಾಡಿ, ಮುರಿದ ಜಾಗವನ್ನು ಮೂಗಿನ ಹತ್ತಿರ ಹಿಡಿಯಿರಿ. ಹೊಸ ಕೇಕಿನಲ್ಲಿ ಬೆಣ್ಣೆಯದೋ ಮೊಟ್ಟೆಯದೋ ವೆನಿಲ್ಲಾದ್ದೋ ಒಂದು ವಾಸನೆ ಎದ್ದು ಬರುತ್ತದೆ. ಹಳೇದರಲ್ಲಿ ಮೊದಲು ವಾಸನೆಯೇ ಇರುವುದಿಲ್ಲ. ಇನ್ನೂ ಹಳೇದಾದರೆ ಕಮಟು ಹತ್ತುತ್ತದೆ, ಹಳೇ ಎಣ್ಣೆ ಡಬ್ಬಿ ಬಿಚ್ಚಿದಾಗ ಬರುತ್ತದಲ್ಲ, ಆ ವಾಸನೆ. ಕ್ರೀಮ್ ಇದ್ದರೆ ಅದರ ಅಂಚು ನೋಡಿ. ಹೊತ್ತು ಕಳೆದ ಕ್ರೀಮಿನ ಅಂಚು ಒಣಗಿ ಹಳದಿಗೆ ತಿರುಗಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಗಟ್ಟಿಯಾಗಿದೆ ಅಂತ ಅನುಮಾನ ಬಂದರೆ ಕ್ರೀಮ್ ತೆಗೆದು, ಕೇಕನ್ನಷ್ಟೇ ಮೈಕ್ರೋವೇವ್‌ನಲ್ಲಿ ಹತ್ತು ಸೆಕೆಂಡು ಬಿಸಿ ಮಾಡಿ. ಮೆತ್ತಗಾದರೆ ಅದರಲ್ಲಿ ನೀರಿತ್ತು, ತಣ್ಣಗಾಗಿ ಬಿಗಿದಿತ್ತು ಅಷ್ಟೇ. ಬಿಸಿ ಮಾಡಿದರೂ ಪುಡಿಪುಡಿಯಾಗಿ ಉದುರಿದರೆ ನಿಜವಾಗಿ ಒಣಗಿದೆ. ಅದೂ ಹಳೇದು ಅಂತಲೇ ಅಲ್ಲ. ಕಪ್ ಕೇಕು ಸಣ್ಣದು, ಓವನ್‌ನಲ್ಲಿ ಎರಡು ಮೂರು ನಿಮಿಷ ಜಾಸ್ತಿ ಬಿಟ್ಟರೂ ಒಣಗಿಹೋಗುತ್ತದೆ. ದೊಡ್ಡ ಕೇಕಿನಲ್ಲಿ ಅಷ್ಟು ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಮನೆಯಲ್ಲಿ ಮಾಡುವವರ ಕಪ್ ಕೇಕು ಕೆಲವು ಸಲ ನಡುವೆ ಕುಸಿದು ಬರುತ್ತದೆ. ಅದಕ್ಕೂ "ಹಳೇದು" ಅಂತ ಹೆಸರಿಡುವವರನ್ನು ಕಂಡಿದ್ದೇನೆ, ಪಾಪ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಬೇಕಿಂಗ್ ಪೌಡರಿನ ಗಾಳಿ ಜಾಸ್ತಿ ಹಿಗ್ಗುತ್ತದೆ. ಲಂಡನ್ನಿನವರೋ ನ್ಯೂಯಾರ್ಕಿನವರೋ ಬರೆದ ಅಳತೆಯನ್ನು ಹಾಗೇ ಹಾಕಿದರೆ ಕೇಕು ಬೇಗ ಎದ್ದು, ಗೋಡೆ ಗಟ್ಟಿಯಾಗುವ ಮುಂಚೆಯೇ ಕೂತುಬಿಡಬಹುದು. ಬೇಕಿಂಗ್ ಪೌಡರನ್ನು ಒಂದು ಚಿಟಿಕೆ ಕಡಿಮೆ ಮಾಡಿ, ಹಾಲು ಒಂದು ಚಮಚ ಜಾಸ್ತಿ ಹಾಕಿ. ನನ್ನ ವಿದ್ಯಾರ್ಥಿನಿಯರು ಇಷ್ಟು ಮಾಡಿಯೇ ಗುಂಡಗೆ ತಲೆ ಎತ್ತಿದ ಕೇಕು ತೆಗೆಯುತ್ತಾರೆ. ಅವರ ಟ್ರೇ ನೋಡಿದಾಗ ನನಗೆ ಹೆಮ್ಮೆಯಾಗುತ್ತದೆ.

ಹೋಲಿಸಲೇಬೇಕು ಅಂತಿದ್ದರೆ ಹೀಗೆ ಹೋಲಿಸಿ. ಎಲ್ಲ ಕಡೆಯಿಂದ ಒಂದೇ ರುಚಿಯದನ್ನು ತನ್ನಿ, ವೆನಿಲ್ಲಾ ಆದರೆ ಉತ್ತಮ. ಚಾಕೊಲೇಟು ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಒಂದೇ ದಿನ ತನ್ನಿ, ಎಲ್ಲವೂ ಕೋಣೆಯ ಉಷ್ಣತೆಗೆ ಬರಲಿ. ಕ್ರೀಮನ್ನು ಚಮಚದಲ್ಲಿ ಪಕ್ಕಕ್ಕೆ ಸರಿಸಿ ಮೊದಲು ಬರೀ ಕೇಕು ತಿನ್ನಿ. ಕೈಯಲ್ಲಿ ಮುರಿದಾಗ ನೋಡಿ: ಬೆಣ್ಣೆ ಕೇಕಿನ ಮುರಿದ ಮೈ ಒರಟಾಗಿ, ಹರಳು ಹರಳಾಗಿ ಇರುತ್ತದೆ. ಎಣ್ಣೆಯದು ಒದ್ದೆಯಾಗಿ ಬೆರಳಿಗೆ ಮೆತ್ತುತ್ತದೆ. ಜೆಲ್ ಹಾಕಿದ್ದರಲ್ಲಿ ತೂತುಗಳು ತುಂಬ ಸಣ್ಣ, ಅಳೆದು ಮಾಡಿದ ಹಾಗೆ ಎಲ್ಲ ಒಂದೇ ಸಮ. ಒಳಗೆ ಮೇಲ್ಮುಖವಾಗಿ ಉದ್ದನೆಯ ಸುರಂಗಗಳಿದ್ದರೆ ಹಿಟ್ಟನ್ನು ಜಾಸ್ತಿ ತಿರುವಿದ್ದಾರೆ. ನಾಲಿಗೆಯ ಮೇಲೆ ಸೋಪಿನ ರುಚಿ ಉಳಿದರೆ ಸೋಡಾ ಜಾಸ್ತಿಯಾಗಿದೆ. ಇದು ಬೇಕರಿಯ ನಿಜವಾದ ತಪ್ಪು, ಇದಕ್ಕೆ ಅಂಕ ಕಳೆಯಿರಿ.

ಆಮೇಲೆ ಕ್ರೀಮ್. ಒಂದು ಚೂರು ನಾಲಿಗೆಯ ಮೇಲಿಟ್ಟು ಅಂಗುಳಕ್ಕೆ ಒತ್ತಿ. ಬೆಣ್ಣೆಯಾದರೆ ಬಾಯಿ ಬಿಸಿಗೆ ಪೂರ್ತಿ ಕರಗಿ ಹೋಗುತ್ತದೆ. ವನಸ್ಪತಿಯ ಜಾತಿಯ ಜಿಡ್ಡಾದರೆ ಅಂಗುಳಕ್ಕೆ ಮೇಣದ ಪೊರೆ ಕಟ್ಟಿಕೊಂಡು, ಬಿಸಿ ಕಾಫಿ ಕುಡಿಯುವವರೆಗೂ ಹೋಗುವುದಿಲ್ಲ. 180 ರೂಪಾಯಿ ಕೊಟ್ಟು ಅಂಗುಳಕ್ಕೆ ಪೊರೆ ಕಟ್ಟಿತು ಅಂದರೆ ಆಗ ಹೋಗಿ ಕೇಳಿ, ಧೈರ್ಯವಾಗಿ ಕೇಳಿ. ಖಾದ್ಯ ಎಣ್ಣೆ, ಕೊಬ್ಬು ಮತ್ತು ಅವುಗಳಿಂದ ಮಾಡಿದ ತಿನಿಸಿನ ಜಿಡ್ಡಿನಲ್ಲಿ ಟ್ರಾನ್ಸ್ ಫ್ಯಾಟ್ (ವನಸ್ಪತಿಯಂಥ ಜಿಡ್ಡಿನಲ್ಲಿ ಇರಬಹುದಾದ, ಹೃದಯಕ್ಕೆ ಕೆಟ್ಟ ಕೊಬ್ಬು) 2 ಶೇಕಡಾ ಮೀರಬಾರದು ಅನ್ನುವ ನಿಯಮ 2022ರಿಂದ ನಮ್ಮ ದೇಶದಲ್ಲಿದೆ. ಯಾವ ಜಿಡ್ಡು ಹಾಕುತ್ತೀರಿ ಅಂತ ಕೇಳುವುದು ಗಿರಾಕಿಯ ಹಕ್ಕು.

ನಿಮ್ಮ ಮಗಳ ಹುಟ್ಟುಹಬ್ಬಕ್ಕೆ ನನ್ನ ಸಲಹೆ ಕೇಳಿದರೆ, ಸಣ್ಣ ಮಕ್ಕಳೇ ಜಾಸ್ತಿ ಬರುವುದಾದರೆ ಅಯ್ಯಂಗಾರ್ ಬೇಕರಿಯ ಕ್ರೀಮ್ ಇಲ್ಲದ ಕೇಕನ್ನು ಆವತ್ತೇ ಸಂಜೆ ಭಟ್ಟಿಯಿಂದ ಬಂದ ಮೇಲೆ ತನ್ನಿ. ಮಕ್ಕಳು ಕ್ರೀಮನ್ನು ನೆಕ್ಕಿ ಕೇಕನ್ನು ತಟ್ಟೆಯಲ್ಲೇ ಬಿಡುತ್ತಾರೆ, ಪ್ರತಿ ಪಾರ್ಟಿಯಲ್ಲೂ ನೋಡುತ್ತಿದ್ದೇನೆ. ದೊಡ್ಡವರು ಕೂತು ಸವಿಯುವವರಿದ್ದರೆ ಬೆಣ್ಣೆ ಕೇಕಿಗೆ ಕೊಟ್ಟ ದುಡ್ಡು ದಂಡವಲ್ಲ. ಮೊಟ್ಟೆ ತಿನ್ನದವರು ಬರುವುದಾದರೆ ಎಲ್ಲಿ ತಂದರೂ ಬಾಯಿ ಬಿಟ್ಟು ಕೇಳಿ. ಅಯ್ಯಂಗಾರ್ ಬೇಕರಿ ಅಂತ ಬೋರ್ಡಿದ್ದ ಮಾತ್ರಕ್ಕೆ ಮೊಟ್ಟೆ ಹಾಕಿಲ್ಲ ಅಂತ ಲೆಕ್ಕ ಹಾಕಬೇಡಿ. ಕೆಲವು ಕಡೆ ಹಾಕುತ್ತಾರೆ, ಕೆಲವು ಕಡೆ ಇಲ್ಲ.

ನೀವು ಕೇಳದೇ ಇದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಹುಟ್ಟುಹಬ್ಬ ಅಂದರೆ ಈಗ ರೆಡ್ ವೆಲ್ವೆಟ್ ಕಪ್ ಕೇಕು ಇರಲೇಬೇಕು ಅಂತಾಗಿದೆ. ಮೆತ್ತಗಿದೆಯಾ ಅಂತ ಒತ್ತಿ ನೋಡುವ ನಾವು ಅದರ ಬಣ್ಣ ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಕೋಕೋ ಪುಡಿ, ಮಜ್ಜಿಗೆ, ವಿನೆಗರ್ ಸೇರಿದಾಗ ತಾನಾಗಿ ಬರುವುದು ಹೆಚ್ಚೆಂದರೆ ಕೆಂಪು ಮಿಶ್ರಿತ ಕಂದು. ಕುಂಕುಮದ ಕೆಂಪು ಬಾಟಲಿಯಿಂದ ಬರುತ್ತದೆ. ಬೀಟ್‌ರೂಟ್ ಹಾಕಿದ್ದೇವೆ ಅನ್ನುತ್ತಾರೆ. ಬೀಟ್‌ರೂಟಿನ ಬಣ್ಣ ಓವನ್ನಿನ ಬಿಸಿಗೆ ಮಂಕಾಗಿ ಕಂದಾಗುತ್ತದೆ, ಮನೆಯಲ್ಲಿ ಮಾಡಿ ನೋಡಿದವರಿಗೆ ಗೊತ್ತು.

2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ನಿಷೇಧಿಸಿದ್ದು ನೆನಪಿರಬಹುದು. ಕಾಟನ್ ಕ್ಯಾಂಡಿಯಲ್ಲಿ ಬಟ್ಟೆಗೆ ಹಾಕುವ ರೋಡಮೈನ್ ಬಿ ಸಿಕ್ಕಿತ್ತು. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳ 235 ಕೇಕ್ ಮಾದರಿಗಳನ್ನು ಪರೀಕ್ಷೆ ಮಾಡಿಸಿತು. 223 ಸರಿಯಿದ್ದವು. 12ರಲ್ಲಿ ಕೃತಕ ಬಣ್ಣಗಳಿಂದಾಗಿ ಅಸುರಕ್ಷಿತ ಅಂತ ವರದಿ ಬಂತು. ಆಗ ಹೆಸರು ಕೇಳಿಬಂದದ್ದು ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್. ಬಹುಪಾಲು ಬೇಕರಿಗಳು ಅಳತೆ ಮೀರಿಲ್ಲ ಅನ್ನುವುದು ಇದರಲ್ಲಿರುವ ಸಮಾಧಾನ. ಆದರೆ ತಿನ್ನುವವು ಮಕ್ಕಳು, ಒಂದು ಕೂತಲ್ಲಿ ಎರಡು ಮೂರು ತಿನ್ನುತ್ತವೆ.

ಕೇಕಿನ ಬಣ್ಣ ಕಾಗದದ ಕಪ್ಪಿನ ಹೊರಗೂ ಇಳಿದು ಬೆರಳಿಗೆ ಹತ್ತಿದರೆ, ತಿಂದ ಮಗುವಿನ ನಾಲಿಗೆ ತೊಳೆದರೂ ಕೆಂಪಾಗಿಯೇ ಇದ್ದರೆ, ಆ ಕಡೆ ಮತ್ತೆ ಆರ್ಡರ್ ಕೊಡಬೇಡಿ. ಮನೆಯಲ್ಲಿ ಮಾಡಿಕೊಡುವವರಿಗೆ "ಬಣ್ಣ ಬೇಡ, ಕಂದು ಇದ್ದರೆ ಸಾಕು, ಕ್ರೀಮ್ ಚೀಸ್ ಚೆನ್ನಾಗಿರಲಿ" ಅಂತ ಮೊದಲೇ ಹೇಳಿ. ಖುಷಿಯಿಂದ ಮಾಡಿಕೊಡುತ್ತಾರೆ. ರುಚಿಯಲ್ಲಿ ಎಳ್ಳಷ್ಟೂ ಫರಕು ಬರುವುದಿಲ್ಲ, ಯಾಕೆಂದರೆ ಆ ಬಣ್ಣಕ್ಕೆ ರುಚಿಯೇ ಇಲ್ಲ. ಕ್ರೀಮ್ ಚೀಸ್ ಇರುವುದರಿಂದ ಈ ಕೇಕು ಮಾತ್ರ ಫ್ರಿಡ್ಜ್‌ನಲ್ಲೇ ಇರಲಿ. ಕೇಕ್ ಕತ್ತರಿಸುವ ಹೊತ್ತು ಆರು ಗಂಟೆ ಅಂತಿದ್ದರೆ ಐದೂಕಾಲಿಗೆ ಹೊರಗೆ ತೆಗೆದಿಡಿ.